‘ಬೇಡ’, ‘ಬೇಡರ್’, ‘ಬೇರಡ’: ಒಂದು ಬೈಗುಳದ ಮೂಲವಿಚಾರ

ವಿಷಯಪ್ರವೇಶ

ಮರಾಠೀ ಆಡುಮಾತಿನಲ್ಲಿ ‘ಬೇರಡ’ ಎಂಬುದೊಂದು ಬೈಗುಳವುಂಟು. ಎಷ್ಟು ಬೈದರೂ ನಾಚದವನು, ಎಷ್ಟು ಹೊಡೆದರೂ ಬಗ್ಗದವನು, ಮನಸ್ಸು ಕಲ್ಲಾದವನು ಎಂಬುದು ಅದರ ಅರ್ಥ. ಅದೇ ಮರಾಠಿಯಲ್ಲಿ ‘ಬೇರಡ’ ಎಂಬುದು ಒಂದು ಜನಾಂಗದ ಹೆಸರೂ ಆಗಿದೆ. ಆ ಜನಾಂಗದವರನ್ನು ಸುರಪುರ, ಶಹಾಪುರ, ಯಾದಗಿರಿಗಳ ಸೀಮೆಯಲ್ಲಿ ‘ಬೇಡರು’ ಎಂದೂ, ಆಡುಮಾತಿನಲ್ಲಿ ‘ಬ್ಯಾಡರು’ ಎಂದೂ, ಗೌರವದಿಂದ ‘ನಾಯಕರು’, ‘ದೊರೆಗಳು’ ಎಂದೂ ಕರೆಯುವರು. ಒಂದು ಸೀಮೆಯಲ್ಲಿ ಎರಡು ಶತಮಾನಗಳಷ್ಟು ಕಾಲ ಸಿಂಹಾಸನದ ಮೇಲೆ ಕುಳಿತ ಹೆಸರು ನೆರೆಯ ಸೀಮೆಯಲ್ಲಿ ಬೀದಿಯ ಬೈಗುಳವಾದುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಕೆಲವರು ಶಬ್ದದ ವ್ಯುತ್ಪತ್ತಿಯಲ್ಲಿ ಹುಡುಕಿದ್ದಾರೆ. ಸಂಸ್ಕೃತದ ‘ವ್ಯಾಧ’ ಶಬ್ದದಿಂದ ಬಂದಿತೆಂದು ಕೆಲವರು, ಭಯವಿಲ್ಲದವನೆಂಬ ಅರ್ಥದ ‘ಬೇ-ಡರ್’ ಎಂಬ ಮಾತಿನಿಂದ ಬಂದಿತೆಂದು ಕೆಲವರು, ಕನ್ನಡದ ‘ಬೆದರು’ ಧಾತುವಿನಿಂದ ಬಂದಿತೆಂದು ಮತ್ತೆ ಕೆಲವರು, ಬೀದರ ನಗರದ ಹೆಸರಿನಿಂದ ಬಂದಿತೆಂದು ಇನ್ನೂ ಕೆಲವರು ಹೇಳುವರು. ಈ ಪಕ್ಷಗಳ ಬಲಾಬಲಗಳನ್ನು ನೋಡಿ, ಬೈಗುಳದ ಅರ್ಥವು ಶಬ್ದದ ಮೂಲದಿಂದ ಬಂದುದೋ ಇತಿಹಾಸದಿಂದ ಬಂದುದೋ ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಾಗಿದೆ.

ವಿಚಾರವು ಕೇವಲ ಶಬ್ದಕುತೂಹಲದ್ದಲ್ಲ. ಕರ್ಣಾಟಕದಲ್ಲಿ 1991ರ ತಿದ್ದುಪಡಿಯಿಂದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಾಯಕ ಎಂಬುದರ ಜೊತೆಗೆ ‘ಬೇಡ’, ‘ಬೇಡರ್’, ‘ವಾಲ್ಮೀಕಿ’ ಎಂಬ ಹೆಸರುಗಳು ಸೇರಿವೆ. ಮಹಾರಾಷ್ಟ್ರದಲ್ಲಿ ‘ಬೇರಡ’ ಎಂಬ ಹೆಸರು ವಿಮುಕ್ತ ಜಾತಿಗಳ ಪಟ್ಟಿಯಲ್ಲಿದೆ. ಎಂದರೆ, ಹಿಂದೆ ಸರಕಾರವು ಅಪರಾಧಿಗಳೆಂದು ಮುದ್ರೆಯೊತ್ತಿ ಅನಂತರ ಬಿಡುಗಡೆ ಮಾಡಿದವರ ಸಾಲಿನಲ್ಲಿದೆ. ಒಂದೇ ಶಬ್ದದ ಎರಡು ರೂಪಗಳು ಎರಡು ರಾಜ್ಯಗಳಲ್ಲಿ ಎರಡು ಬಗೆಯ ಹಣೆಬರಹವನ್ನು ಪಡೆದಿವೆ.

ವ್ಯಾಧಪಕ್ಷ

ಸಂಸ್ಕೃತಾಭ್ಯಾಸವುಳ್ಳವರಿಗೆ ಮೊದಲು ತೋರುವ ಪಕ್ಷವು ಇದು. ‘ವ್ಯಧ್’ ಎಂದರೆ ಚುಚ್ಚು, ಭೇದಿಸು, ಬಾಣದಿಂದ ಮೃಗವನ್ನು ಭೇದಿಸುವವನು ವ್ಯಾಧ, ವ್ಯಾಧನೇ ಬೇಡ. ಅರ್ಥವು ಸರಿಯಾಗಿ ಹೊಂದುವುದು. ರೂಪದ ಮೊದಲ ಭಾಗವೂ ಹೊಂದದೆ ಇಲ್ಲ. ‘ವ್ಯವಸಾಯ’ವು ಕನ್ನಡದಲ್ಲಿ ‘ಬೇಸಾಯ’ವಾಗಿದೆ, ‘ವ್ಯವಹಾರ’ವು ‘ಬೇಹಾರ’ವಾಗಿದೆ. ಆದುದರಿಂದ ಮೊದಲಿನ ವ್ಯಕಾರವು ಬೇಕಾರವಾಗುವುದು ಅಪೂರ್ವವಲ್ಲ. ಈ ಪಕ್ಷವನ್ನು ಹಿಡಿದವರು ನಿರಾಧಾರವಾಗಿ ಮಾತಾಡಿದರೆಂದು ಹೇಳುವಂತಿಲ್ಲ.

ತೊಡಕಿರುವುದು ಎರಡನೆಯ ಅಕ್ಷರದಲ್ಲಿ. ಸಂಸ್ಕೃತದ ದಂತ್ಯ ಧಕಾರವು ಕನ್ನಡದ ತದ್ಭವಗಳಲ್ಲಿ ದಂತ್ಯ ದಕಾರವಾಗಿಯೇ ಉಳಿಯುವುದು. ‘ವಿಧಿ’ ಎಂಬುದು ‘ಬಿದಿ’ಯಾಯಿತೇ ಹೊರತು ‘ಬಿಡಿ’ಯಾಗಲಿಲ್ಲ, ‘ಔಷಧ’ವು ‘ಅವುಸದ’ವಾಯಿತು. ಈ ನಿಯಮದಂತೆ ವ್ಯಾಧ ಶಬ್ದದಿಂದ ‘ಬೇದ’ ಎಂಬ ರೂಪವು ಬರಬೇಕಾಗಿತ್ತು. ‘ವೃದ್ಧಿ’ ಎಂಬುದು ‘ಬಡ್ಡಿ’ಯಾಗಿರುವುದಲ್ಲವೆ, ಅಲ್ಲಿ ದಂತ್ಯವು ಮೂರ್ಧನ್ಯವಾಗಲಿಲ್ಲವೆ ಎಂದು ವಾದಿಯು ಕೇಳಬಹುದು. ಅಲ್ಲಿ ಹಾಗಾಗುವುದಕ್ಕೆ ಕಾರಣವುಂಟು. ವೃದ್ಧಿ ಶಬ್ದದಲ್ಲಿ ಋಕಾರವಿದೆ. ಋಕಾರರೇಫಗಳ ಸನ್ನಿಧಿಯಲ್ಲಿ ದಂತ್ಯವು ಮೂರ್ಧನ್ಯವಾಗುವುದು ಪ್ರಾಕೃತದಲ್ಲಿಯೇ ಕಂಡ ಸಂಗತಿ. ವ್ಯಾಧ ಶಬ್ದದಲ್ಲಿ ಋಕಾರವೂ ಇಲ್ಲ, ರೇಫವೂ ಇಲ್ಲ. ಸಿಂಹಳದ ವನವಾಸಿಗಳ ಹೆಸರಾದ ‘ವೆದ್ದ’ ಎಂಬುದನ್ನು ವ್ಯಾಧ ಶಬ್ದದಿಂದ ಸಾಧಿಸುವವರುಂಟು. ಅವರ ಪಕ್ಷವನ್ನೊಪ್ಪಿದರೂ ಅಲ್ಲಿ ದಂತ್ಯವೇ ಉಳಿದಿರುವುದನ್ನು ಗಮನಿಸಬೇಕು.

ಇನ್ನೊಂದು ಆಕ್ಷೇಪವು ಇದಕ್ಕಿಂತಲೂ ಬಲವಾದುದು. ‘ಬೇಡ’ ಎಂಬುದು ಒಂಟಿ ಶಬ್ದವಲ್ಲ. ಅದರ ಬೆನ್ನಿಗೆ ಹಳಗನ್ನಡದ ‘ಬೇಂಟೆ’, ಈಗಿನ ‘ಬೇಟೆ’ ಎಂಬ ಕ್ರಿಯಾನಾಮವು ಇದೆ. ತಮಿಳಿನಲ್ಲಿ ‘ವೇಡನ್’ ಎಂದರೆ ಬೇಡ, ‘ವೇಟ್ಟೈ’ ಎಂದರೆ ಬೇಟೆ, ಮಲಯಾಳದಲ್ಲಿ ‘ವೇಡನ್’, ‘ವೇಟ್ಟ’, ತೆಲುಗಿನಲ್ಲಿ ‘ವೇಟ’. ತಮಿಳಿನ ಮೊದಲ ವಕಾರಕ್ಕೆ ಕನ್ನಡದಲ್ಲಿ ಬಕಾರವಿರುವುದು ಸರ್ವವಿದಿತವಾದುದು: ವಾಯ್–ಬಾಯ್, ವಿಲ್–ಬಿಲ್, ವೇರ್–ಬೇರ್, ವೆಳ್ಳಿ–ಬೆಳ್ಳಿ. ಡಕಾರ ಟಕಾರಗಳ ಸಂಬಂಧವೂ ದೇಶ್ಯಶಬ್ದಗಳಲ್ಲಿ ನಿತ್ಯವಾಗಿ ಕಾಣುವುದು: ಆಡು–ಆಟ, ಓಡು–ಓಟ, ಕೂಡು–ಕೂಟ, ನೋಡು–ನೋಟ. ಹೀಗೆ ಬೇಡ–ಬೇಟೆ ಎಂಬ ಜೋಡಿಯು ದೇಶ್ಯವ್ಯಾಕರಣದ ಹಾದಿಯಲ್ಲಿಯೇ ನಡೆಯುತ್ತದೆ. ವ್ಯಾಧ ಶಬ್ದದಿಂದ ಬೇಡನನ್ನು ಹೇಗೋ ಸಾಧಿಸಿದರೂ ಬೇಟೆಯನ್ನು ಸಾಧಿಸಲಾಗದು. 1961ರಲ್ಲಿ ಮೊದಲು ಪ್ರಕಟವಾಗಿ 1984ರಲ್ಲಿ ಪರಿಷ್ಕೃತವಾದ ಬರೋ ಮತ್ತು ಎಮನೋ ಪಂಡಿತರ ದ್ರಾವಿಡ ವ್ಯುತ್ಪತ್ತಿಕೋಶವು ಈ ಶಬ್ದಗಳನ್ನೆಲ್ಲ ಒಂದೇ ಗುಂಪಿನಲ್ಲಿ ಇಟ್ಟಿರುವುದು ಉಚಿತವೇ ಆಗಿದೆ.

ಸುರಪುರದ ಆಡುಮಾತಿನ ‘ಬ್ಯಾಡ’ ಎಂಬ ರೂಪವನ್ನು ಕೇಳಿ, ಇದರಲ್ಲಿ ‘ವ್ಯಾ’ ಎಂಬುದು ಇನ್ನೂ ಉಳಿದಿದೆಯಲ್ಲವೆ ಎಂದು ಭ್ರಮಿಸಲು ಅವಕಾಶವುಂಟು. ಆದರೆ ಅದೇ ಆಡುಮಾತಿನಲ್ಲಿ ಬೇಳೆಯು ‘ಬ್ಯಾಳಿ’ಯಾಗುವುದು, ಬೇಸಿಗೆಯು ‘ಬ್ಯಾಸಿಗಿ’ಯಾಗುವುದು, ಬೇರೆ ಎಂಬುದು ‘ಬ್ಯಾರೆ’ಯಾಗುವುದು. ನಿಷೇಧಾರ್ಥದ ‘ಬೇಡ’ ಎಂಬುದೂ ‘ಬ್ಯಾಡ’ವೇ. ಇವುಗಳಲ್ಲಿ ಯಾವುದರ ಮೂಲದಲ್ಲಿಯೂ ವ್ಯಾಕಾರವಿಲ್ಲ. ಆದುದರಿಂದ ಇದು ಆ ಸೀಮೆಯ ಉಚ್ಚಾರಣಧರ್ಮವೇ ಹೊರತು ಪ್ರಾಚೀನರೂಪದ ಅವಶೇಷವಲ್ಲ.

‘ಬೇಡು’ ಎಂಬ ಯಾಚನಾರ್ಥಕ ಧಾತುವಿಗೂ ಬೇಡನಿಗೂ ಸಂಬಂಧವನ್ನು ಕಲ್ಪಿಸುವವರುಂಟು. ಹಳಗನ್ನಡದಲ್ಲಿ ‘ಬೇಟ’ ಎಂದರೆ ಪ್ರೇಮ. ಬಯಸುವುದು, ಬೇಡುವುದು, ಬೆನ್ನಟ್ಟುವುದು ಇವೆಲ್ಲ ಒಂದೇ ಭಾವದ ಕವಲುಗಳೆಂದು ಅವರ ವಾದ. ತಮಿಳಿನಲ್ಲಿ ಬಯಕೆಯ ಶಬ್ದಗಳು ಬೇರೊಂದು ಗುಂಪಿಗೆ ಸೇರುವುದರಿಂದ ಎರಡು ಮೂಲಗಳನ್ನು ಬೇರೆಬೇರೆಯಾಗಿಯೇ ಇಡುವುದು ಲೇಸು. ಬೇಡನೆಂದರೆ ಭಿಕ್ಷುಕನೆಂಬ ಅರ್ಥಕ್ಕಂತೂ ಯಾವ ಆಧಾರವೂ ಇಲ್ಲ.

‘ಬೇ-ಡರ್’ ಪಕ್ಷ

ಎರಡನೆಯ ಪಕ್ಷವು ಜನಾಂಗದವರಲ್ಲಿಯೂ ಚರಿತ್ರೆಯನ್ನು ಬರೆದವರಲ್ಲಿಯೂ ಬಹಳ ಪ್ರೀತಿಯನ್ನು ಗಳಿಸಿದೆ. ‘ಬೇ’ ಎಂದರೆ ಇಲ್ಲದ, ‘ಡರ್’ ಎಂದರೆ ಭಯ, ಭಯವಿಲ್ಲದವನೇ ‘ಬೇಡರ್’. ಮೊಗಲರಿಗೆ ಎದುರಾಗಿ ನಿಂತ ಜನರಿಗೆ ಮೊಗಲರೇ ಮೆಚ್ಚಿ ಕೊಟ್ಟ ಹೆಸರೆಂಬಂತೆ ಈ ಕಥೆಯು ಹಬ್ಬಿದೆ. ಕೇಳಲು ಇಂಪಾದ ಈ ವ್ಯುತ್ಪತ್ತಿಯು ಪರೀಕ್ಷೆಯನ್ನು ತಾಳಲಾರದು.

‘ಬೇ’ ಎಂಬ ಉಪಸರ್ಗವು ಪಾರಸಿಯದು. ‘ಡರ್’ ಎಂಬುದು ಪಾರಸಿಯ ಶಬ್ದವಲ್ಲ, ಹಿಂದಿಯದು. ಪಾರಸಿಯಲ್ಲಿ ಮೂರ್ಧನ್ಯ ಡಕಾರವೇ ಇಲ್ಲ. ಭಯಕ್ಕೆ ಆ ಭಾಷೆಯಲ್ಲಿ ‘ತರ್ಸ್’, ‘ಬೀಮ್’ ಎಂಬ ಶಬ್ದಗಳಿವೆ. ಭಯವಿಲ್ಲದವನನ್ನು ಪಾರಸಿಯವರು ‘ಬೇಬಾಕ್’ ಎನ್ನುವರು, ಹಿಂದಿಯವರು ‘ನಿಡರ್’ ಎನ್ನುವರು. ಆಸ್ಥಾನದ ಪಾರಸೀ ಬರೆಹಗಾರನು ಮೆಚ್ಚಿ ಬಿರುದು ಕೊಡುವುದಾದರೆ ಇಂತಹ ಮಿಶ್ರಶಬ್ದವನ್ನು ಕಟ್ಟಬೇಕಾದ ಅಗತ್ಯವಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಕಾಲವಿಚಾರ. ದಕ್ಷಿಣಕ್ಕೆ ಪಾರಸೀಭಾಷೆಯು ಬರುವುದಕ್ಕೆ ಮೊದಲೇ ಈ ಶಬ್ದವು ಕನ್ನಡದಲ್ಲಿತ್ತು. ತಮಿಳಿನ ಪೆರಿಯಪುರಾಣವೂ ಕನ್ನಡದಲ್ಲಿ ಹರಿಹರನ ರಗಳೆಯೂ ಹಾಡಿದ ಕಣ್ಣಪ್ಪನು ಬೇಡನಾಗಿಯೇ ಪ್ರಸಿದ್ಧನಾಗಿದ್ದಾನೆ. ಮೊಗಲರು ಕೃಷ್ಣೆಯ ದಡಕ್ಕೆ ಬಂದಾಗ ಹೆಸರು ಅಲ್ಲಿ ಸಿದ್ಧವಾಗಿಯೇ ಇದ್ದಿತು.

ಹಾಗಾದರೆ ಈ ಕಥೆಯು ಹುಟ್ಟಿದುದೇತಕ್ಕೆ? ಲಿಪಿಯಿಂದ. ಪಾರಸೀಲಿಪಿಯಲ್ಲಿ ‘ಬೇಡರ್’ ಎಂಬುದನ್ನು ಬರೆದರೆ ಬ, ಯ, ದ, ರ ಎಂಬ ನಾಲ್ಕು ಅಕ್ಷರಗಳು ನಿಲ್ಲುವುವು. ಯಕಾರವು ಈಕಾರವನ್ನೂ ಏಕಾರವನ್ನೂ ಸಮನಾಗಿ ಸೂಚಿಸುವುದು. ದಕಾರದ ಚಿಹ್ನೆಯಿಂದಲೇ ಡಕಾರವನ್ನೂ ಬರೆಯುವ ವಾಡಿಕೆಯಿತ್ತು. ಹ್ರಸ್ವಸ್ವರಗಳನ್ನು ಬರೆಯುವುದೇ ಇಲ್ಲ. ಆದುದರಿಂದ ಅದೇ ನಾಲ್ಕು ಅಕ್ಷರಗಳನ್ನು ಒಬ್ಬನು ‘ಬೇಡರ್’ ಎಂದೂ, ಇನ್ನೊಬ್ಬನು ‘ಬೇ-ಡರ್’ ಎಂದೂ, ಮತ್ತೊಬ್ಬನು ‘ಬೀದರ್’ ಎಂದೂ ಓದಬಹುದು. ನಡುವೆ ಒಂದು ಗೆರೆಯನ್ನು ಹೆಚ್ಚಾಗಿ ಎಳೆದರೆ ಎಚ್ಚತ್ತವನೆಂಬ ಅರ್ಥದ ‘ಬೇದಾರ್’ ಆಗುವುದು. ಬೀದರ ನಗರದಿಂದ ಬೇಡರ ಹೆಸರು ಬಂದಿತೆಂಬ ಪಕ್ಷಕ್ಕೂ ಇದೇ ಬೀಜವಾಗಿದೆ. ಕನ್ನಡಲಿಪಿಯಲ್ಲಿ ಬರೆದು ನೋಡಿದರೆ ಈ ಸಂಶಯಗಳು ಒಂದೂ ನಿಲ್ಲುವುದಿಲ್ಲ.

‘ಬೆದರು’ ಪಕ್ಷವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ‘ಬೆದರು’ ಎಂಬಲ್ಲಿ ಎಕಾರವು ಹ್ರಸ್ವ, ದಕಾರವು ದಂತ್ಯ. ‘ಬೇಡರು’ ಎಂಬಲ್ಲಿ ಏಕಾರವು ದೀರ್ಘ, ಡಕಾರವು ಮೂರ್ಧನ್ಯ. ಅಲ್ಲದೆ ‘ಬೆದರು’ ಎಂದರೆ ತಾನು ಹೆದರುವುದು, ಹೆದರಿಸುವುದಾದರೆ ‘ಬೆದರಿಸು’. ಈ ವ್ಯುತ್ಪತ್ತಿಯನ್ನು ಒಪ್ಪಿದರೆ ಬೇಡರು ಅಂಜುಬುರುಕರೆಂದಾಗುವುದು. ಸ್ತುತಿಗಾಗಿ ಕಟ್ಟಿದ ವ್ಯುತ್ಪತ್ತಿಯು ನಿಂದೆಯಲ್ಲಿ ಮುಗಿಯುವುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಸಿಕ್ಕದು.

‘ಬೇಡರ್’ ಹೇಗೆ ‘ಬೇರಡ’ವಾಯಿತು

ಇನ್ನು ಮರಾಠೀ ರೂಪವನ್ನು ವಿಚಾರಿಸಬೇಕು. ಇಲ್ಲಿ ಎರಡು ಸಂಗತಿಗಳು ನಡೆದಿವೆ. ಕನ್ನಡದ ಬಹುವಚನವನ್ನು ಪರಭಾಷೆಯವರು ಏಕವಚನವಾಗಿ ತೆಗೆದುಕೊಂಡುದು ಮೊದಲನೆಯದು. ‘ಬೇಡರ್’ ಎಂಬುದರ ಕೊನೆಯ ರೇಫವು ಬಹುವಚನದ್ದೆಂದು ಅರಿಯದೆ ಅದನ್ನು ಪ್ರಕೃತಿಯ ಭಾಗವೆಂದೇ ಬಗೆದರು. ಮೆಡೋಸ್ ಟೇಲರನ ಬರೆಹಗಳಲ್ಲಿ ಈ ಜನರಿಗೆ ‘ಬೇಡರ್ಸ್’ ಎಂಬಂತಹ ಆಂಗ್ಲರೂಪವಿದೆ. ಕನ್ನಡದ ಬಹುವಚನದ ಮೇಲೆ ಆಂಗ್ಲದ ಬಹುವಚನವನ್ನು ಹೇರಿದಂತಾಯಿತು. 1991ರ ಪಟ್ಟಿಯಲ್ಲಿ ‘ಬೇಡ’, ‘ಬೇಡರ್’ ಎಂದು ಎರಡು ಹೆಸರುಗಳು ನಿಂತಿರುವುದಕ್ಕೂ ಇದೇ ಕಾರಣ. ವ್ಯಾಕರಣದ ದೃಷ್ಟಿಯಿಂದ ಅವು ಎರಡಲ್ಲ. ಒಂದೇ ಹೆಸರಿನ ಏಕವಚನ ಬಹುವಚನಗಳು. ಆದರೆ ಕಾಗದದಲ್ಲಿ ಬರೆದುದನ್ನೇ ಪ್ರಮಾಣವೆಂದು ನೋಡುವ ಕಚೇರಿಗಳಲ್ಲಿ ಎರಡೂ ಬೇಕಾದುವು.

ಎರಡನೆಯದು ವರ್ಣವಿಪರ್ಯಯ. ನಿರುಕ್ತಕಾರರು ವರ್ಣಾಗಮ, ವರ್ಣವಿಕಾರ, ವರ್ಣನಾಶಗಳ ಜೊತೆಗೆ ಇದನ್ನು ಹೇಳಿ, ‘ಹಿಂಸ್’ ಧಾತುವಿನಿಂದ ‘ಸಿಂಹ’ವನ್ನು ಸಾಧಿಸುವರು. ಹೇಮಚಂದ್ರನ ಪ್ರಾಕೃತವ್ಯಾಕರಣದಲ್ಲಿ ‘ವಾರಾಣಸೀ’ ಶಬ್ದದ ರೇಫಣಕಾರಗಳು ಸ್ಥಾನವನ್ನು ಬದಲಿಸುವುದನ್ನೂ, ‘ಮಹಾರಾಷ್ಟ್ರ’ ಶಬ್ದದ ಹಕಾರರೇಫಗಳು ಬದಲಿಸುವುದನ್ನೂ ವಿಧಿಸಿದೆ. ಈಗಿನ ‘ಬನಾರಸ್’, ‘ಮರಾಠಾ’ ಎಂಬ ಹೆಸರುಗಳು ಆ ಹಾದಿಯಲ್ಲಿಯೇ ಬಂದವು. ತನ್ನ ಹೆಸರೇ ವರ್ಣವಿಪರ್ಯಯದಿಂದಾದ ಭಾಷೆಯಲ್ಲಿ ‘ಬೇಡರ’ವು ‘ಬೇರಡ’ವಾದುದು ಆಶ್ಚರ್ಯವಲ್ಲ. ಈ ಸೀಮೆಯ ಸ್ಥಳನಾಮಗಳಲ್ಲಿಯೂ ರೇಫಡಕಾರಗಳ ಗೊಂದಲವು ಕಾಣುವುದು. ಸುರಪುರದ ಹತ್ತಿರದ ವಾಗಣಗೇರಿಯು ಉತ್ತರದವರ ಬಾಯಿಯಲ್ಲಿ ‘ವಾಕಿನ್‌ಖೇರಾ’ ಎಂದೂ ‘ವಾಕಿನ್‌ಖೇಡಾ’ ಎಂದೂ ಆಯಿತು. ಕನ್ನಡದ ‘ಕೇರಿ’ಯನ್ನು ಅವರು ತಮಗೆ ಪರಿಚಿತವಾದ ‘ಖೇಡೆ’ಯೆಂದು ತಿಳಿದರು.

‘ಬೇರಡ’ ಎಂಬುದನ್ನು ‘ಬೇ’ ಮತ್ತು ‘ರಡ’ ಎಂದು ಒಡೆದು, ಮರಾಠಿಯಲ್ಲಿ ‘ರಡಣೇ’ ಎಂದರೆ ಅಳುವುದಾದುದರಿಂದ, ಅಳದವನು ಬೇರಡ, ಆದುದರಿಂದಲೇ ಕಲ್ಲುಮನಸ್ಸಿನವನೆಂಬ ಅರ್ಥ ಬಂದಿತು ಎಂದು ಯಾರಾದರೂ ನಾಳೆ ಸಾಧಿಸಲೂಬಹುದು. ‘ಬೇ-ಡರ್’ ಎಂಬುದಕ್ಕೆ ಎಷ್ಟು ಬಲವಿದೆಯೋ ಇದಕ್ಕೂ ಅಷ್ಟೇ ಇದೆ. ಒಂದು ವ್ಯುತ್ಪತ್ತಿಯು ವೀರನನ್ನೂ ಇನ್ನೊಂದು ನಾಚಿಕೆಗೇಡಿಯನ್ನೂ ಒಂದೇ ಶಬ್ದದಿಂದ ತೆಗೆಯಬಲ್ಲುದಾದರೆ, ಆ ವಿಧಾನವೇ ನಂಬಿಕೆಗೆ ಅರ್ಹವಲ್ಲ.

ಬೈಗುಳದ ಇತಿಹಾಸ

ಮೂಲಾರ್ಥವು ಬೇಟೆಗಾರನೆಂಬುದಾದರೆ ನಿಂದಾರ್ಥವು ಬಂದುದೆಲ್ಲಿಂದ? ಇದಕ್ಕೆ ಕೋಶವನ್ನು ಬಿಟ್ಟು ಇತಿಹಾಸವನ್ನು ನೋಡಬೇಕು.

ಗೋಸಲ ವಂಶದ ನಾಯಕರು ಬಿಜಾಪುರದ ಆದಿಲಶಾಹಿಯ ಕಾಲದಲ್ಲಿ ಕೃಷ್ಣಾ ಭೀಮಾ ನದಿಗಳ ನಡುವಣ ಸೀಮೆಯಲ್ಲಿ ಪ್ರಬಲರಾದರು. 1686ರಲ್ಲಿ ಬಿಜಾಪುರವು ಬಿದ್ದ ಮೇಲೆ ಮೊಗಲರ ಕಣ್ಣು ಈ ಸೀಮೆಯ ಮೇಲೆ ಬಿದ್ದಿತು. 1687ರಲ್ಲಿ ಶಹಾಪುರದ ಬಳಿಯ ಸಗರದ ಕೋಟೆಯನ್ನು ಪಾಮನಾಯಕನು ಮೊಗಲರಿಗೆ ಒಪ್ಪಿಸಬೇಕಾಯಿತು. ಅವನ ತರುವಾಯ ಪಿಡ್ಡನಾಯಕನು ವಾಗಣಗೇರಿಯನ್ನು ನೆಲೆಮಾಡಿಕೊಂಡು ಬಂದೂಕಿನವರ ದೊಡ್ಡ ಪಡೆಯನ್ನು ಕಟ್ಟಿದನು. ಔರಂಗಜೇಬನು 1705ರ ಫೆಬ್ರವರಿಯಲ್ಲಿ ತಾನೇ ಬಂದು ಮುತ್ತಿಗೆ ಹಾಕಿದನು. ಮರಾಠರು ನಾಯಕನ ನೆರವಿಗೆ ಬಂದರು. ಏಪ್ರಿಲ್ ತಿಂಗಳ ಕೊನೆಯಲ್ಲಿ ಕೋಟೆಯು ಮೊಗಲರ ಕೈಸೇರಿತಾದರೂ ಪಿಡ್ಡನಾಯಕನು ರಾತ್ರಿಯಲ್ಲಿ ತನ್ನವರೊಡನೆ ಹೊರಬಿದ್ದು ತಪ್ಪಿಸಿಕೊಂಡನು. ಬಾದಶಹನು ಸಮೀಪದ ದೇವಾಪುರದಲ್ಲಿ ರೋಗದಿಂದ ಹಲವು ತಿಂಗಳು ಮಲಗಿದನು. ಅವನು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕೊನೆಯದು. 1707ರಲ್ಲಿ ಅವನು ತೀರಿಕೊಂಡನು.

ಹಿಂದುಸ್ಥಾನದ ಬಾದಶಹನನ್ನು ಸುಮಾರು 3 ತಿಂಗಳು ಒಂದು ಗುಡ್ಡದ ಕೆಳಗೆ ನಿಲ್ಲಿಸಿದ ಜನರನ್ನು ಆಸ್ಥಾನದ ಬರೆಹಗಾರರು ಹೊಗಳಲಿಲ್ಲ. ಖಾಫಿಖಾನನು ಪಿಡ್ಡನಾಯಕನನ್ನು ಹೀನಕುಲದವನೆಂದು ಬರೆದನು. ಗೆಲ್ಲಲಾಗದವನನ್ನು ಜರೆಯುವುದು ಆಸ್ಥಾನದ ಲೇಖಣಿಗೆ ಸಹಜವಾದುದು. ‘ಬೇ-ಡರ್’ ಎಂಬ ಬಿರುದನ್ನು ಮೊಗಲರೇ ಮೆಚ್ಚಿ ಕೊಟ್ಟರೆಂಬ ಕಥೆಗೆ ಈ ಜರೆಯುವಿಕೆಯೂ ವಿರುದ್ಧವಾಗಿಯೇ ನಿಲ್ಲುವುದು.

ಮರಾಠರ ಮತ್ತು ಬೇಡರ ಸಂಬಂಧವು ಒಂದೇ ಬಗೆಯದಾಗಿರಲಿಲ್ಲ. ಒಮ್ಮೆ ಮಿತ್ರರಾಗಿದ್ದವರು ಇನ್ನೊಮ್ಮೆ ಸುಂಕಕ್ಕಾಗಿ, ಚೌಥಕ್ಕಾಗಿ ಎದುರಾಳಿಗಳಾದರು. ಹಳ್ಳಿಗಳಲ್ಲಿ ಬೇಡರು ತಳವಾರಿಕೆಯನ್ನು ಮಾಡುತ್ತಿದ್ದರು. ಊರನ್ನು ಕಾಯುವವನು ಕಳ್ಳನ ಹೆಜ್ಜೆಯನ್ನು ಬಲ್ಲವನಾಗಿರಬೇಕು. ಹಾಗೆ ಬಲ್ಲವನನ್ನು ಕಳ್ಳನೆಂದೇ ಶಂಕಿಸುವುದು ಲೋಕದ ರೀತಿ. ಕಾವಲಿನ ಬಾಬತ್ತು ನಿಂತು ಭೂಮಿಯೂ ಇಲ್ಲದಂತಾದಾಗ ಶಂಕೆಯು ಹೆಚ್ಚಿತು.

ಆಂಗ್ಲರ ಆಳ್ವಿಕೆಯಲ್ಲಿ ಈ ಶಂಕೆಯು ಕಾಗದಕ್ಕೇರಿತು. 1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಮೀರಿ ಕಾದಾಡಿದರು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ವೆಂಕಟಪ್ಪನಾಯಕನ ಕಡೆಯವರು ಆಂಗ್ಲರ ಪಡೆಯ ಮೇಲೆ ಬಿದ್ದರು. ಬಾಲ್ಯದಲ್ಲಿ ಟೇಲರನ ಮೇಲ್ವಿಚಾರಣೆಯಲ್ಲಿ ಬೆಳೆದು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ಆ ತರುಣ ದೊರೆಯು ಸೆರೆಸಿಕ್ಕಿ, ಮರಣದಂಡನೆಯು ಸೆರೆವಾಸವಾಗಿ ಇಳಿದ ಮೇಲೆ, ಸೆರೆಮನೆಯ ಹಾದಿಯಲ್ಲಿ ಗುಂಡಿನಿಂದ ಮೃತನಾದನು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು. ಅರಸುತನವೂ ಆಯುಧವೂ ಎರಡೂ ಹೋದ ಜನಾಂಗಕ್ಕೆ ಉಳಿದುದು ಹೆಸರೊಂದೇ. 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾನೂನು 1911ರಲ್ಲಿಯೂ 1924ರಲ್ಲಿಯೂ ವಿಸ್ತಾರವಾಯಿತು. 1908ರಲ್ಲಿ ಮುಂಬಯಿ ಪ್ರಾಂತದ ಪೋಲೀಸ್ ಅಧಿಕಾರಿಯಾದ ಕೆನಡಿಯು ಪ್ರಕಟಿಸಿದ ಅಪರಾಧಿ ವರ್ಗಗಳ ಗ್ರಂಥದಲ್ಲಿ ಬೇರಡರ ಹೆಸರೂ ಸೇರಿತು. ಹುಟ್ಟಿನಿಂದಲೇ ಅಪರಾಧಿಯೆಂದು ಸರಕಾರದ ಪುಸ್ತಕವೇ ಹೇಳಿದ ಮೇಲೆ, ಹೊಡೆತಕ್ಕೆ ಬಗ್ಗದವನು, ನಾಚಿಕೆಯಿಲ್ಲದವನು ಎಂಬ ಅರ್ಥವು ಬೀದಿಯಲ್ಲಿ ಗಟ್ಟಿಯಾಗುವುದಕ್ಕೆ ತಡವೇನು? ಹೊಡೆದವರೇ ಕೊಟ್ಟ ಅರ್ಥವಿದು. ಹೊಡೆತವನ್ನು ತಾಳಿಕೊಂಡ ಗುಣವನ್ನು ನಾಚಿಕೆಗೇಡಿತನವೆಂದು ಅವರು ಬರೆದರು. ಆ ಕಾನೂನು 1952ರಲ್ಲಿ ರದ್ದಾಯಿತು. ಬೈಗುಳವನ್ನು ರದ್ದುಮಾಡುವ ಕಾನೂನು ಇಲ್ಲ.

ಅದೇ ಕಾಲದಲ್ಲಿ ಕನ್ನಡದ ಲಾವಣಿಕಾರರು ಬೇರೊಂದು ದಾರಿಯಲ್ಲಿ ನಡೆದರು. ಫ್ಲೀಟ್ ಪಂಡಿತನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸಂಗ್ರಹಿಸಿ ಪ್ರಕಟಿಸಿದ ಲಾವಣಿಗಳಲ್ಲಿ ಹಲಗಲಿಯ ಬೇಡರದೂ ಒಂದು. ಅಲ್ಲಿ ಬೇಡನೆಂಬ ಶಬ್ದವು ಕೆಚ್ಚಿನ ಶಬ್ದವೇ ಆಗಿದೆ. ಸುರಪುರದ ಸೀಮೆಯಲ್ಲಿಯಂತೂ ‘ಬಲವಂತ ಬಹರಿ ಬಹಾದ್ದೂರ್’ ಎಂಬ ಬಿರುದಿನ ನಾಯಕರ ಹೆಸರಿನೊಡನೆ ಸೇರಿದ ಶಬ್ದವು ಬೈಗುಳವಾಗಲು ಅವಕಾಶವೇ ಇರಲಿಲ್ಲ. ಕಪಟರಾಳ ಕೃಷ್ಣರಾಯರ ಸುರಪುರ ಸಂಸ್ಥಾನದ ಇತಿಹಾಸವನ್ನು ಓದಿದವರಿಗೆ ಈ ಭೇದವು ಸ್ಪಷ್ಟವಾಗುವುದು. ಶಬ್ದವು ಒಂದೇ, ವ್ಯುತ್ಪತ್ತಿಯು ಒಂದೇ. ರಾಜ್ಯವಿದ್ದಲ್ಲಿ ಬಿರುದಾಯಿತು, ಪೋಲೀಸ್ ಪಟ್ಟಿಯಿದ್ದಲ್ಲಿ ಬೈಗುಳವಾಯಿತು.

ವ್ಯುತ್ಪತ್ತಿ ಮತ್ತು ಪ್ರವೃತ್ತಿ

ಶಾಸ್ತ್ರಕಾರರು ಶಬ್ದಕ್ಕೆ ಎರಡು ನಿಮಿತ್ತಗಳನ್ನು ಹೇಳುವರು: ವ್ಯುತ್ಪತ್ತಿನಿಮಿತ್ತ, ಪ್ರವೃತ್ತಿನಿಮಿತ್ತ. ನಡೆಯುವುದರಿಂದ ‘ಗೋ’ ಎಂಬ ಹೆಸರು ಬಂದರೂ ಮಲಗಿದ ಹಸುವೂ ಗೋವೇ. ದರ್ಭೆಯನ್ನು ಕೊಯ್ದು ತರುವವನು ‘ಕುಶಲ’ನೆಂದು ವ್ಯುತ್ಪತ್ತಿಯಿದ್ದರೂ ದರ್ಭೆಯನ್ನೇ ಕಾಣದ ಶಿಲ್ಪಿಯನ್ನೂ ಕುಶಲನೆನ್ನುವರು. ಯೋಗಾರ್ಥಕ್ಕಿಂತ ರೂಢಾರ್ಥವು ಬಲವಾದುದೆಂಬ ನ್ಯಾಯವು ಇದರಿಂದಲೇ ಹುಟ್ಟಿತು. ಆದುದರಿಂದ ಬೈಗುಳದ ಕಾರಣವನ್ನು ವ್ಯುತ್ಪತ್ತಿಯಲ್ಲಿ ಹುಡುಕುವುದು ಹೇಗೆ ತಪ್ಪೋ, ಒಳ್ಳೆಯ ವ್ಯುತ್ಪತ್ತಿಯೊಂದನ್ನು ಕಟ್ಟಿ ಬೈಗುಳವನ್ನು ತೊಳೆಯಹೊರಡುವುದೂ ಹಾಗೆಯೇ ತಪ್ಪು.

ಗೌರವದ ಹೆಸರು ನಿಂದೆಯಾದುದಕ್ಕೆ ಈ ಸೀಮೆಯಲ್ಲಿಯೇ ಇದಕ್ಕಿಂತ ಹಿಂದಿನ ಸಾಕ್ಷಿಯುಂಟು. ಕೃಷ್ಣೆಯ ಆಚೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರು ಇದ್ದಿತು. ಶಹಾಪುರದ ಕಡೆಯಿಂದ ಭೀಮೆಯನ್ನು ದಾಟಿದರೆ ಸಿಕ್ಕುವ ಸನ್ನತಿಯಲ್ಲಿಯೂ ಆ ಚಕ್ರವರ್ತಿಯ ಶಾಸನಗಳು ಬೆಳಕಿಗೆ ಬಂದವು. ದೇವತೆಗಳಿಗೆ ಪ್ರಿಯನಾದವನೆಂಬುದಕ್ಕಿಂತ ಉತ್ತಮವಾದ ಯೋಗಾರ್ಥವು ಯಾವ ಹೆಸರಿಗಿದೆ? ಆದರೂ ಭಟ್ಟೋಜಿದೀಕ್ಷಿತನ ಸಿದ್ಧಾಂತಕೌಮುದಿಯಲ್ಲಿ ಆ ಶಬ್ದಕ್ಕೆ ಮೂರ್ಖನೆಂಬ ಅರ್ಥವೇ ನಿಂತಿದೆ. ಮತವಿರೋಧವು ಒಂದು ರಾಜಬಿರುದನ್ನು ಬೈಗುಳವನ್ನಾಗಿ ಮಾಡಿತೆಂದು ಅನೇಕ ವಿದ್ವಾಂಸರು ಊಹಿಸಿದ್ದಾರೆ. ಶ್ರೇಷ್ಠವಾದ ವ್ಯುತ್ಪತ್ತಿಯು ದೇವಾನಾಂಪ್ರಿಯನನ್ನೇ ಕಾಪಾಡಲಿಲ್ಲವಾದ ಮೇಲೆ ‘ಬೇ-ಡರ್’ ಎಂಬ ಕಲ್ಪಿತವ್ಯುತ್ಪತ್ತಿಯು ಬೇಡನನ್ನು ಕಾಪಾಡುವುದೆಂದು ನಂಬುವುದು ಹೇಗೆ?

ಹೆಸರನ್ನು ಮೇಲಕ್ಕೆತ್ತುವ ಹಂಬಲವು ಈ ಸೀಮೆಗೆ ಹೊಸತಲ್ಲ. ಸುರರ ಪುರವಾದ ‘ಸುರಪುರ’ವನ್ನು ‘ಶೂರಪುರ’ವೆಂದು ವಿವರಿಸುವವರುಂಟು; ‘ಶೋರಾಪುರ’ವೆಂಬ ಆಂಗ್ಲರೂಪವು ಈ ವಿವರಣೆಗೆ ಇಂಬುಕೊಟ್ಟಿತು. ಇದರಲ್ಲಿ ಯಾರಿಗೂ ಕೇಡಿಲ್ಲ. ಆದರೆ ಜನಾಂಗದ ಹೆಸರಿನ ವಿಷಯದಲ್ಲಿ ಹೀಗೆ ಮಾಡಿದರೆ ಒಂದು ಕೇಡುಂಟು. ಬೇಟೆಗಾರನೆಂಬ ಅರ್ಥವು ಹೀನವಾದುದೆಂದು ಒಪ್ಪಿಕೊಂಡವನು ಮಾತ್ರ ಅದನ್ನು ಬಿಟ್ಟು ಬೇರೊಂದು ಅರ್ಥವನ್ನು ಹುಡುಕುವನು. ಕಣ್ಣನ್ನು ಕಿತ್ತು ಶಿವನಿಗೆ ಕೊಟ್ಟ ಕಣ್ಣಪ್ಪನು ಬೇಟೆಗಾರನೇ. ಸುರಪುರದ ಸೀಮೆಯ ಮುದನೂರಿನ ದಾಸಿಮಯ್ಯನನ್ನು ‘ಜೇಡರ’ ದಾಸಿಮಯ್ಯನೆಂದು ಕರೆಯುವಾಗ ಯಾರೂ ಜೇಡನಿಗೆ ನೇಯುವವನೆಂಬುದಕ್ಕಿಂತ ದೊಡ್ಡ ಅರ್ಥವನ್ನು ಹುಡುಕಲಿಲ್ಲ. ನೇಯ್ಗೆಯ ಹೆಸರೇ ಶರಣನ ಹೆಸರಾಯಿತು. ಬೇಡರ ಹೆಸರೂ ಜೇಡರ ಹೆಸರಿನಂತೆಯೇ ಕಾಯಕದ ಹೆಸರು. ಅದಕ್ಕೆ ಕ್ಷಮಾಯಾಚನೆಯ ವ್ಯುತ್ಪತ್ತಿಯು ಬೇಕಾಗಿಲ್ಲ.

ಬೆಳಗಾವಿಯ ಬಳಿಯ ಯಮನಾಪುರದ ಭೀಮರಾವ ಗಸ್ತಿಯವರು ತಮ್ಮ ಮರಾಠೀ ಆತ್ಮಕಥೆಗೆ ‘ಬೇರಡ’ ಎಂದೇ ಹೆಸರಿಟ್ಟರು. ಬೈಗುಳವಾಗಿ ಬಳಸಿದ ಶಬ್ದವನ್ನೇ ಗ್ರಂಥದ ಮೊದಲ ಪುಟದಲ್ಲಿಟ್ಟು, ಆ ಹೆಸರಿನ ಜನರು ಅನುಭವಿಸಿದುದನ್ನು ಒಳಪುಟಗಳಲ್ಲಿ ಹೇಳಿದರು. ವ್ಯುತ್ಪತ್ತಿಕಾರರು ಮಾಡಲಾರದ ಕೆಲಸವಿದು. ಪ್ರವೃತ್ತಿಯಿಂದ ಕೆಟ್ಟ ಶಬ್ದವನ್ನು ಪ್ರವೃತ್ತಿಯಿಂದಲೇ ಸರಿಪಡಿಸಬೇಕು.

ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ‘ಬೇಡ’ ಎಂಬುದು ದೇಶ್ಯಶಬ್ದ. ಬೇಟೆ ಎಂಬುದರ ಸೋದರ. ವ್ಯಾಧ ಶಬ್ದದ ತದ್ಭವವಲ್ಲ. ‘ಬೇ-ಡರ್’ ಮತ್ತು ಬೀದರ ಪಕ್ಷಗಳು ಪಾರಸೀಲಿಪಿಯ ಅಸ್ಪಷ್ಟತೆಯಿಂದ ಹುಟ್ಟಿದುವು. ‘ಬೆದರು’ ಪಕ್ಷವು ಕನ್ನಡದ ಸ್ವರವ್ಯಂಜನಗಳಿಗೇ ವಿರುದ್ಧ. ‘ಬೇಡರ್’ ಎಂಬುದು ಕನ್ನಡದ ಬಹುವಚನ. ‘ಬೇರಡ’ ಎಂಬುದು ಅದರ ವರ್ಣವಿಪರ್ಯಯದ ರೂಪ. ನಿಂದಾರ್ಥವು ಮೂಲದಲ್ಲಿಲ್ಲ, ಅದು ಸೋಲು, ಶಂಕೆ, ಕಾನೂನುಗಳು ಕೂಡಿ ತಂದಿಟ್ಟ ಅರ್ಥ.

ಕೋಶಕಾರರು ಈ ಶಬ್ದಕ್ಕೆ ಬೇಟೆಗಾರನೆಂಬ ಅರ್ಥವನ್ನು ಮೊದಲು ಬರೆದು, ಜನಾಂಗನಾಮವನ್ನು ಎರಡನೆಯದಾಗಿ ಇಟ್ಟು, ಮರಾಠಿಯ ನಿಂದಾರ್ಥವನ್ನು ಕಾಲದೇಶಗಳ ಸೂಚನೆಯೊಡನೆ ಕೊನೆಯಲ್ಲಿ ಕೊಡಬೇಕು. ಮೂರನ್ನೂ ಬೆರಸಿ ‘ಕಾಡುಜಾತಿಯವನು, ಕ್ರೂರ’ ಎಂಬಂತೆ ಬರೆಯುವುದು ಶಾಸ್ತ್ರಸಮ್ಮತವಲ್ಲ. ಕಣ್ಣಪ್ಪನ ಕಥೆಯನ್ನೋ ಹಲಗಲಿಯ ಲಾವಣಿಯನ್ನೋ ಪಾಠಹೇಳುವ ಅಧ್ಯಾಪಕರಿಗೆ ತರಗತಿಯಲ್ಲಿ ಆ ಹೆಸರಿನ ಮಗುವೊಂದು ಕುಳಿತಿರಬಹುದೆಂಬ ಎಚ್ಚರವು ಅವಶ್ಯ. 2010ರಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದ ಮೇಲೆ ಸುರಪುರ ಶಹಾಪುರಗಳೂ ಅದರಲ್ಲಿ ಸೇರಿವೆ. ಆ ಜಿಲ್ಲೆಯ ಶಾಲೆಗಳಲ್ಲಿ ಈ ಶಬ್ದದ ಅರ್ಥವನ್ನು ಕೇಳುವ ಮಗುವಿಗೆ, ನಿನ್ನ ಹಿರಿಯರು ಬೇಟೆಯಾಡುತ್ತಿದ್ದರು, ಊರು ಕಾಯುತ್ತಿದ್ದರು, ನಾಡನ್ನೂ ಆಳಿದರು ಎಂದು ಹೇಳಿದರೆ ಸಾಕು. ಅದಷ್ಟೂ ನಿಜ.